ಬೇನೆ ಹೋದ ಮೇಲೆ ಬಾರದ ರೋಗಿ: ಬದಿಯಡ್ಕ ಕಡೆಯ ಒಂದು ದಂತ ಪ್ರಕರಣ

ಕಾಸರಗೋಡು ಜಿಲ್ಲೆಯ ಉತ್ತರ ಭಾಗದ ದಂತ ಕ್ಲಿನಿಕ್‌ಗಳಲ್ಲಿ ಮತ್ತೆ ಮತ್ತೆ ಎದುರಾಗುವ ಸಂಗತಿಗಳನ್ನು ಒಬ್ಬ ರೋಗಿಯ ಸುತ್ತ ಜೋಡಿಸಿ ಈ ಪ್ರಕರಣವನ್ನು ಬರೆದಿದೆ. ರೋಗಿಗಾಗಲಿ ಕ್ಲಿನಿಕ್‌ಗಾಗಲಿ ಹೆಸರಿಲ್ಲ. ಇಲ್ಲಿ ಬರುವ ಉಪಕರಣಗಳೆಲ್ಲ ಬದಿಯಡ್ಕ, ಕುಂಬಳೆ, ಉಪ್ಪಳದಂಥ ಪೇಟೆಯ ಸಾಮಾನ್ಯ ಕ್ಲಿನಿಕ್‌ಗೆ ಎಟಕುವಂಥವು: ಆರ್‌ವಿಜಿ (ಹಲ್ಲಿನ ಡಿಜಿಟಲ್ ಎಕ್ಸ್‌ರೇ) ಸೆನ್ಸರ್, ಬಾಯೊಳಗಿನ ಕ್ಯಾಮೆರಾ, ಒಂದು ಕಂಪ್ಯೂಟರ್, ಒಂದು ಸ್ಮಾರ್ಟ್‌ಫೋನ್.

ರೋಗಿಗೆ 61 ವರ್ಷ. ಪೆರ್ಲದ ಆಚೆ ಗುಡ್ಡದ ಬುಡದಲ್ಲಿ ಅಡಿಕೆ ತೋಟ. ಮನೆಯಲ್ಲಿ ಆಡುವುದು ಹವ್ಯಕ ಕನ್ನಡ, ಕೆಲಸದವರೊಡನೆ ತುಳು, ಕಲಿತದ್ದು ಕನ್ನಡ ಶಾಲೆಯಲ್ಲಿ. ಮಲಯಾಳ ಕಿವಿಗೆ ಅರ್ಥವಾಗುತ್ತದೆ, ಓದಲು ಬಾರದು. ಹತ್ತು ವರ್ಷದಿಂದ ಸಕ್ಕರೆ ಕಾಯಿಲೆ. ದಿನಕ್ಕೆ ಆರೇಳು ಸಲ ವೀಳ್ಯ, ಜೊತೆಗೆ ಹೊಗೆಸೊಪ್ಪು. ಮಗ ಬೆಂಗಳೂರಿನಲ್ಲಿ, ಮಗ ಸೊಸೆಯ ಪೈಕಿ ಊರಲ್ಲಿರುವುದು ಸೊಸೆ. ವೈದ್ಯೆಯ ಮನೆಮಾತು ಮಲಯಾಳ, ಕನ್ನಡ ತಕ್ಕಮಟ್ಟಿಗೆ ಬರುತ್ತದೆ.

ಮೇ ತಿಂಗಳ ಮೊದಲ ವಾರ ಅವರು ಬಂದದ್ದು ಬಲಗಡೆ ಕೆಳದವಡೆಯ ಮೊದಲ ದೊಡ್ಡ ದವಡೆಹಲ್ಲಿನ ನೋವಿಗೆ. ದಂತವೈದ್ಯರ ಲೆಕ್ಕದಲ್ಲಿ ಅದು 46ನೇ ಹಲ್ಲು (ಮೊದಲ ಅಂಕಿ ಬಾಯಿಯ ಭಾಗಕ್ಕೆ, ಎರಡನೆಯದು ಆ ಭಾಗದಲ್ಲಿ ಹಲ್ಲಿನ ಜಾಗಕ್ಕೆ). ರಾತ್ರಿ ಎಚ್ಚರವಾಗುವಷ್ಟು ಬೇನೆ. ಬಿಸಿ ಚಾ ಕುಡಿದರೆ ಕಾಲು ಗಂಟೆ ಸಿಡಿತ. ಹುಳುಕು ನರದ ಕೋಣೆ ಮುಟ್ಟಿತ್ತು. ರೂಟ್ ಕೆನಾಲ್ ಶುರುವಾಯಿತು. ಬೇರಿನೊಳಗೆ ಮೂರು ನಾಳ ಸಿಕ್ಕಿದವು, ನರ ತೆಗೆದು, ತೊಳೆದು, ರೋಗಾಣು ತಡೆಯುವ ತಾತ್ಕಾಲಿಕ ಮದ್ದು ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಇಟ್ಟು ಮೇಲೆ ತಾತ್ಕಾಲಿಕ ಫಿಲ್ಲಿಂಗ್ ಹಾಕಿ, ಒಂದು ವಾರ ಬಿಟ್ಟು ಬರಲು ಹೇಳಲಾಯಿತು. ಬೇನೆ ಮರುದಿನವೇ ಹೋಯಿತು.

ರೋಗಿ ಮತ್ತೆ ಬಂದದ್ದು ಸೆಪ್ಟೆಂಬರ್ ಕೊನೆಗೆ, ಕೆನ್ನೆ ಊದಿಸಿಕೊಂಡು, ಸಿಟ್ಟಿನಲ್ಲಿ.

ನಾಲ್ಕೂವರೆ ತಿಂಗಳಲ್ಲಿ ಏನಾಯಿತು

ಒಳಗಿನ ಕಥೆ ಸರಳ. ನರ ತೆಗೆದ ಕೂಡಲೇ ಹಲ್ಲಿನೊಳಗಿನ ಒತ್ತಡ ಇಳಿಯುತ್ತದೆ, ನೋವು ಹೇಳುವ ತಂತುವೇ ಇರುವುದಿಲ್ಲ. ಆದರೆ ನಾಳಗಳನ್ನು ಇನ್ನೂ ಕಾಯಂ ಆಗಿ ತುಂಬಿರುವುದಿಲ್ಲ. ಮೇಲಿನ ತಾತ್ಕಾಲಿಕ ಮುಚ್ಚಳ ಕನಿಷ್ಠ 3.5 ಮಿ.ಮೀ. ದಪ್ಪವಿದ್ದರೆ ಕೆಲವು ವಾರ ತಡೆಯುತ್ತದೆ, ಅಡಿಕೆ ಜಗಿಯುವ ಬಾಯಲ್ಲಿ ಅಷ್ಟೂ ಇಲ್ಲ. ಅದು ಸವೆದಂತೆ ಎಂಜಲಿನ ಜೊತೆ ರೋಗಾಣು ನಾಳಕ್ಕೆ ಇಳಿಯುತ್ತದೆ. ಇನ್ನೊಂದು ಕಡೆ, ನಡುವೆ ಟೊಳ್ಳಾದ ಹಲ್ಲಿನ ಗೋಡೆಗಳಿಗೆ ಆಸರೆ ಇರುವುದಿಲ್ಲ. ಗಟ್ಟಿ ಅಡಿಕೆ ಹೋಳಿನ ಮೇಲೆ ಕಚ್ಚಿದಾಗ ಆ ಗೋಡೆಗಳು ಸೌದೆ ಸೀಳಿದ ಹಾಗೆ ಅಗಲುತ್ತವೆ.

ಇದರಲ್ಲಿ ಒಂದನ್ನೂ ರೋಗಿ ತಿಳಿದಿರಲಿಲ್ಲ. ತಿಳಿಯದೆ ಹೋದದ್ದು ಹೇಗೆ ಎಂಬುದನ್ನು ಬಿಡಿಸಿ ನೋಡಿದರೆ ನಾಲ್ಕು ಎಳೆ ಸಿಗುತ್ತವೆ.

ಮೊದಲ ದಿನ ಅವರಿಗೆ ಹೇಳಿದ ಮಾತು "ನರ ತೆಗೆದಾಗಿದೆ". ನಮ್ಮ ಕಡೆ ಹಲ್ಲುನೋವು ಎಂದರೆ ನರದ ನೋವು. ನರವೇ ಹೋದರೆ ಕೆಲಸ ಮುಗಿಯಿತು ಎಂದೇ ಅರ್ಥ. ಮನೆಗೆ ಹೋಗಿ ಅವರು ಹೇಳಿದ್ದೂ ಅದನ್ನೇ: "ಬೇನೆ ಇಲ್ಲೆನ್ನೆ, ಇನ್ನೆಂತಕೆ ಬಪ್ಪದು?"

ಎರಡನೆಯದು ಚಿತ್ರ. ಆರ್‌ವಿಜಿ ಬಳಕೆಗೆ ಬಂದದ್ದು 1987ರಲ್ಲಿ. ಫಿಲ್ಮ್ ತೊಳೆದು ಒಣಗಿಸುವ ಕಾಲ ಹೋಗಿ, ಹಲ್ಲಿನ ಎಕ್ಸ್‌ರೇ ಕೆಲವೇ ಸೆಕೆಂಡಿನಲ್ಲಿ ಪರದೆಗೆ ಬರುವಂತಾಯಿತು. ಇಷ್ಟು ವರ್ಷವಾದರೂ ಎಷ್ಟೋ ಕ್ಲಿನಿಕ್‌ಗಳಲ್ಲಿ ಆ ಪರದೆ ವೈದ್ಯರ ಕಡೆಗೇ ತಿರುಗಿರುತ್ತದೆ. ಇಲ್ಲೂ ಹಾಗೆಯೇ. ಮೇ ತಿಂಗಳ ಮೂರು ಎಕ್ಸ್‌ರೇ ಕಂಪ್ಯೂಟರಿನಲ್ಲಿದ್ದವು, ರೋಗಿ ಒಂದನ್ನೂ ನೋಡಿರಲಿಲ್ಲ. ಕೈಯಲ್ಲಿ ಇದ್ದದ್ದು ತಾರೀಕು ಬರೆದ ಪುಟ್ಟ ಕಾರ್ಡ್ ಮಾತ್ರ.

ಮೂರನೆಯದು ಸಂದೇಶ. ಕ್ಲಿನಿಕ್‌ನ ಸಾಫ್ಟ್‌ವೇರ್ ಮೂರು ಸಲ ಎಸ್‌ಎಂಎಸ್ ಕಳಿಸಿತ್ತು. ಮೂರೂ ಇಂಗ್ಲಿಷ್‌ನಲ್ಲಿ, ಆರು ಅಕ್ಷರದ ಅಪರಿಚಿತ ಹೆಸರಿನಿಂದ. ಬ್ಯಾಂಕಿನ ವಂಚನೆಯ ಸಂದೇಶವೂ ಸಾಲದ ಜಾಹೀರಾತೂ ಬರುವುದು ಅದೇ ರೂಪದಲ್ಲಿ. ಸೊಸೆ ಅದನ್ನು ಅಳಿಸಿದ್ದರು. ಆಕೆ ಮಾಡಿದ್ದರಲ್ಲಿ ತಪ್ಪಿಲ್ಲ.

ನಾಲ್ಕನೆಯದು ಕಾಲ. ಜೂನ್‌ನಲ್ಲಿ ಮಳೆ ಹಿಡಿಯುವ ಹೊತ್ತಿಗೆ ಅಡಿಕೆಗೆ ಕೊಳೆರೋಗದ ಮದ್ದು ಬಿಡಬೇಕು, ನಲವತ್ತು ನಲವತ್ತೈದು ದಿನಕ್ಕೆ ಇನ್ನೊಮ್ಮೆ. ಮರ ಹತ್ತುವವರು ಸಿಕ್ಕಿದ ದಿನ, ಮಳೆ ಬಿಟ್ಟ ಗಳಿಗೆ, ಬೋರ್ಡೋ ದ್ರಾವಣ ಕಲಸಬೇಕು. ನೋವಿಲ್ಲದ ಹಲ್ಲಿಗೆ ಆ ದಿನಗಳಲ್ಲಿ ಯಾರೂ ಬಸ್ಸು ಹತ್ತುವುದಿಲ್ಲ. ಮೇ ತಿಂಗಳಲ್ಲಿ ರೂಟ್ ಕೆನಾಲ್ ತೆರೆಯುವ ವೈದ್ಯರಿಗೆ ಇದು ಗೊತ್ತಿರಬೇಕು. ಗೊತ್ತಿದ್ದರೆ ಮಾಡಬೇಕಾದದ್ದು ಎರಡು: ಸಾಧ್ಯವಾದರೆ ಒಂದೇ ಭೇಟಿಯಲ್ಲಿ ನಾಳ ತುಂಬುವುದು, ಇಲ್ಲವಾದರೆ ಬೇಗ ಸವೆಯುವ ಫಿಲ್ಲಿಂಗ್ ಬದಲು ಗ್ಲಾಸ್ ಅಯನಮರ್ ಎಂಬ ಗಟ್ಟಿ ಸಿಮೆಂಟ್ ಹಾಕಿ, ಹಲ್ಲಿನ ತುದಿಗಳನ್ನು ತುಸು ತಗ್ಗಿಸಿ ಕಚ್ಚುವ ಭಾರ ಕಡಿಮೆ ಮಾಡುವುದು. ಯಾವ ಆ್ಯಪ್ ಇದ್ದರೂ ಈ ಕೆಲಸದ ಬದಲಿಗೆ ನಿಲ್ಲದು.

ಊತದ ದಿನ ಚಿತ್ರ ತೋರಿಸಲಿಲ್ಲ

ಸೆಪ್ಟೆಂಬರ್‌ನ ಆ ಬೆಳಿಗ್ಗೆ ಬಲ ಕೆಳದವಡೆ ಊದಿತ್ತು, ವಸಡಿನಲ್ಲಿ ಕೀವಿನ ಬಾಯಿ, ಗ್ಲುಕೋಮೀಟರ್‌ನಲ್ಲಿ ಸಕ್ಕರೆ 262. ಹಲ್ಲಿನ ಒಳಗೋಡೆಯ ಒಂದು ತುದಿ ಮುರಿದಿತ್ತು. ರೋಗಿಯ ಮಾತು ಒಂದೇ: ದುಡ್ಡು ಕೊಟ್ಟು ಮಾಡಿಸಿದ ಹಲ್ಲು ಹೀಗಾಯಿತು.

ಆ ದಿನ ವೈದ್ಯೆ ವಾದಕ್ಕೆ ಇಳಿಯಲಿಲ್ಲ. ಕ್ಯಾಮೆರಾದಲ್ಲೂ ಆರ್‌ವಿಜಿಯಲ್ಲೂ ಬೇಕಾದ ಚಿತ್ರ ತೆಗೆದರು, ಕೀವು ಹೊರಹಾಕಿದರು, ಮಾತ್ರೆ ಬರೆದರು, ಮೂರನೇ ದಿನ ಮತ್ತೆ ಬರಲು, ಅಂದಿನ ಊಟ, ಮಾತ್ರೆ ಮುಗಿಸಿಯೇ ಬರಲು ಹೇಳಿದರು. ವಿವರಣೆಯನ್ನು ಆ ಮೂರನೇ ದಿನಕ್ಕೆ ಇಟ್ಟರು. ಇದು ಸಣ್ಣ ಸಂಗತಿಯಲ್ಲ. ಬೇನೆಯಲ್ಲಿರುವವನಿಗೆ ಪರದೆಯ ಮೇಲೆ ಅವನದೇ ಕೊಳೆತ ಹಲ್ಲನ್ನು ದೊಡ್ಡದಾಗಿ ತೋರಿಸಿದರೆ ಅದು ಅವನ ಕಿವಿಗೆ ಬೈಗುಳದಂತೆ ಕೇಳುತ್ತದೆ. ಬಾಯೊಳಗಿನ ಕ್ಯಾಮೆರಾ ಕೊಂಡ ಕ್ಲಿನಿಕ್‌ಗಳು ಮೊದಲು ಮಾಡುವ ತಪ್ಪು ಇದೇ.

ಅಂದು ಸಂಜೆ ಕ್ಲಿನಿಕ್‌ನ ಸಹಾಯಕಿ, ಆಕೆಗೆ ಹವ್ಯಕ ಬರುತ್ತದೆ, ಫೋನ್ ಮಾಡಿ ಒಂದೇ ಪ್ರಶ್ನೆ ಕೇಳಿದಳು: "ಮಾವ, ಬೇನೆ ಹೇಂಗಿದ್ದು?" ಮರುದಿನವೂ ಕೇಳಿದಳು. ಸಿಟ್ಟು ಅರ್ಧ ಇಳಿದದ್ದು ಅಲ್ಲಿ.

ಮೂರನೇ ದಿನದ ಇಪ್ಪತ್ತು ನಿಮಿಷ

ಕುರ್ಚಿಯನ್ನು ನೆಟ್ಟಗೆ ಮಾಡಲಾಯಿತು. ಮಲಗಿ ಬಾಯಿ ತೆರೆದವನೊಡನೆ ನಡೆಯುವುದು ಮಾತುಕತೆಯಾಗದು. ವೈದ್ಯೆ ಮಾಸ್ಕ್ ತೆಗೆದು, ಸ್ಟೂಲ್ ತಗ್ಗಿಸಿ, ರೋಗಿಯ ಕಣ್ಣಿನ ಮಟ್ಟಕ್ಕೆ ಕೂತರು. ಪರದೆಯನ್ನು ಇಬ್ಬರಿಗೂ ಒಂದೇ ಓರೆಯಲ್ಲಿ ಕಾಣುವಂತೆ ತಿರುಗಿಸಿದರು. ಬೆಂಗಳೂರಿನ ಮಗ ವಿಡಿಯೋ ಕಾಲ್‌ನಲ್ಲಿ ಇರಲಿ ಎಂದು ರೋಗಿಯೇ ಹೇಳಿದ್ದರಿಂದ ಫೋನನ್ನು ಒಂದು ಸ್ಟ್ಯಾಂಡಿನಲ್ಲಿ ಅವರ ಭುಜದ ಹಿಂದೆ ಇಡಲಾಯಿತು. ಮಗನಿಗೆ ಕಾಣುವುದು ತಂದೆಗೆ ಕಾಣುವ ಪರದೆಯೇ. ವೈದ್ಯೆಯ ಮುಖ ಮಾತ್ರ ತಂದೆಯ ಕಡೆಗೆ. ಫೋನನ್ನು ಕೈಯಲ್ಲಿ ಹಿಡಿದು ಮಗನೊಡನೆ ಮಾತಾಡಿದರೆ, ಹಲ್ಲಿನ ಒಡೆಯ ಪಕ್ಕದಲ್ಲಿ ಕೂತ ಮೂರನೆಯವನಾಗಿಬಿಡುತ್ತಾನೆ. ದುಡ್ಡು ಮಗ ಕೊಟ್ಟರೂ ಒಪ್ಪಿಗೆ ಕೊಡಬೇಕಾದವರು ತಂದೆ.

ಚಿತ್ರ ತೋರಿಸಿದ ಕ್ರಮಕ್ಕೂ ಕಾರಣವಿದೆ. ಮೊದಲು ತೋರಿಸಿದ್ದು ಅವರದೇ ಎಡಗಡೆಯ ಗಟ್ಟಿ ಹಲ್ಲು, 36. ಚೆನ್ನಾಗಿರುವುದು ಹೇಗಿರುತ್ತದೆ ಎಂದು ಗೊತ್ತಿಲ್ಲದವನಿಗೆ ಕೆಟ್ಟದ್ದು ಗುರುತಾಗುವುದು ಹೇಗೆ? ಎರಡನೆಯದಾಗಿ ಮೇ ತಿಂಗಳ ಎಕ್ಸ್‌ರೇ ಮತ್ತು ಸೆಪ್ಟೆಂಬರಿನದು, ಅಕ್ಕಪಕ್ಕ, ಒಂದೇ ಅಳತೆಯಲ್ಲಿ. ಎಕ್ಸ್‌ರೇಯಲ್ಲಿ ಎಲುಬು ಬಿಳಿ, ಕರಗಿದ ಜಾಗ ಕಪ್ಪು. ಈ ಒಂದು ವಾಕ್ಯ ಹೇಳಿ, ಅವರೇ ಬೆರಳಿಟ್ಟು ತೋರಿಸುವವರೆಗೆ ವೈದ್ಯೆ ಸುಮ್ಮನಿದ್ದರು. ಮೇಯಲ್ಲಿ ಬೇರಿನ ಸುತ್ತ ಬಿಳಿ ಇತ್ತು. ಸೆಪ್ಟೆಂಬರಿನಲ್ಲಿ ಹಿಂಬದಿಯ ಬೇರಿನ ಪಕ್ಕ ಉದ್ದಕ್ಕೂ ಕಪ್ಪು ನೆರಳು. ಎಲುಬಿನ ಖನಿಜ ಸುಮಾರು 30ರಿಂದ 50 ಶೇಕಡಾ ಕರಗಿದ ಮೇಲೆಯೇ ಅದು ಎಕ್ಸ್‌ರೇಯಲ್ಲಿ ಕಣ್ಣಿಗೆ ಬೀಳುವುದು. ಅಂದರೆ ಒಳಗೆ ಕೆಲಸ ಶುರುವಾಗಿ ಬಹಳ ದಿನವಾಗಿತ್ತು.

ಕೊನೆಗೆ ಕ್ಯಾಮೆರಾದ ಚಿತ್ರ. ಹಲ್ಲಿನ ಒಳತಳಕ್ಕೆ ನೀಲಿ ಬಣ್ಣ, ಮಿಥಿಲೀನ್ ಬ್ಲೂ, ಹಚ್ಚಿ ತೊಳೆದಿದ್ದರು. ಬಿರುಕಿನಲ್ಲಿ ಬಣ್ಣ ಉಳಿದು, ಮುಂದಿನಿಂದ ಹಿಂದಕ್ಕೆ ಒಂದು ಗೆರೆ ಮೂಡಿತ್ತು. ಪಕ್ಕದಲ್ಲೇ ವಿಲಿಯಮ್ಸ್ ಪ್ರೋಬ್, ವಸಡಿನ ಸಂದಿಯ ಆಳ ಅಳೆಯುವ ತೆಳು ಕಡ್ಡಿ. ಅದರ ಮೇಲೆ 1, 2, 3, 5, 7, 8, 9, 10 ಮಿ.ಮೀ. ಗುರುತುಗಳಿರುತ್ತವೆ. ಈ ಅಳತೆ ಚಿತ್ರದಲ್ಲಿ ಇರಲೇಬೇಕು. 10 ಮಿ.ಮೀ. ಹಲ್ಲು ಪರದೆಯಲ್ಲಿ 30 ಸೆಂ.ಮೀ. ಆಗಿ ಕಂಡರೆ ಅದು ಮೂವತ್ತು ಪಟ್ಟು. ಆ ಲೆಕ್ಕದಲ್ಲಿ ಚಾದ ಕಲೆಯೂ ಗುಹೆಯಂತೆ ಕಾಣುತ್ತದೆ. ಹೆದರಿಸಿ ಚಿಕಿತ್ಸೆ ಮಾರುತ್ತಾರೆ ಎಂಬ ಅನುಮಾನ ಹುಟ್ಟುವುದು ಇಂಥ ಅಳತೆಯಿಲ್ಲದ ಚಿತ್ರಗಳಿಂದ, ಮತ್ತು ಆ ಅನುಮಾನ ಯಾವಾಗಲೂ ಸುಳ್ಳೇ ಎನ್ನುವಂತಿಲ್ಲ.

ಪ್ರೋಬ್ ಹಲ್ಲಿನ ಸುತ್ತ ಎಲ್ಲ ಕಡೆ 3 ಮಿ.ಮೀ. ನಿಂತು, ಹಿಂಬದಿಯ ಒಂದೇ ಜಾಗದಲ್ಲಿ 8 ಮಿ.ಮೀ. ಇಳಿದಿತ್ತು. ವಸಡಿನ ರೋಗವಾದರೆ ಸಾಮಾನ್ಯವಾಗಿ ಅಗಲಕ್ಕೆ ಇಳಿಯುತ್ತದೆ, ಹೀಗೆ ಕಿರಿದಾಗಿ ಆಳಕ್ಕೆ ಹೋದರೆ ಬಿರುಕು ಬೇರಿಗೆ ತಲುಪಿದೆ ಎಂಬ ಅನುಮಾನ ಬಲವಾಗುತ್ತದೆ. ನೀಲಿ ಗೆರೆಯೂ ಅದನ್ನೇ ಹೇಳಿತು. ಹಲ್ಲು ಉಳಿಯುವಂತಿರಲಿಲ್ಲ.

ಆಮೇಲೆ ವೈದ್ಯೆ ಹೇಳಿದ ಮಾತೇ ಈ ಪ್ರಕರಣದ ತಿರುಳು. ನೀವು ಬರಲಿಲ್ಲ ಎಂದು ಆರಂಭಿಸಲಿಲ್ಲ. "ಮೇ ತಿಂಗಳಲ್ಲಿ ಈ ಚಿತ್ರ ನಿಮಗೆ ತೋರಿಸಬೇಕಿತ್ತು, ತೋರಿಸಲಿಲ್ಲ. ಸಂದೇಶ ಇಂಗ್ಲಿಷ್‌ನಲ್ಲಿ ಹೋಯಿತು. ಇನ್ನೂ ಗಟ್ಟಿಯಾದ ಫಿಲ್ಲಿಂಗ್ ಹಾಕಬಹುದಿತ್ತು. ಇಷ್ಟು ನಮ್ಮ ಕಡೆಯ ತಪ್ಪು." ರೋಗಿ ಬಹಳ ಹೊತ್ತು ಎರಡು ಎಕ್ಸ್‌ರೇಗಳನ್ನು ನೋಡಿದರು. "ಅಂದೇ ತೋರ್ಸಿದ್ದರೆ ಆನು ಬತ್ತಿತ್ತೆ" ಎಂದರು. ತಾನು ಬಾರದೆ ಹೋದದ್ದನ್ನು ಅವರು ಒಪ್ಪಿಕೊಂಡದ್ದು ಆ ಮಾತಿನಲ್ಲೇ ಇತ್ತು.

ಮರುವಾರ ಬೆಳಿಗ್ಗೆ, ತಿಂಡಿ ಮತ್ತು ಸಕ್ಕರೆ ಮಾತ್ರೆ ಆದ ಮೇಲೆ, ಹಲ್ಲು ಕಿತ್ತರು. ಮೊದಲೇ ಕೊಟ್ಟಿದ್ದ ಹಣದಲ್ಲಿ ನಾಳ ತುಂಬುವ ಭಾಗ ಆಗಿರಲಿಲ್ಲವಾದ್ದರಿಂದ ಅಷ್ಟನ್ನು ಕಳೆದು ಲೆಕ್ಕ ಬರೆದುಕೊಟ್ಟರು. ಈ ಲೆಕ್ಕದ ಚೀಟಿ ಚಿತ್ರದಷ್ಟೇ ಮುಖ್ಯ. ಹಂತ ಹಂತವಾಗಿ, ನರ ತೆಗೆಯುವುದಕ್ಕೆ ಇಷ್ಟು, ನಾಳ ತುಂಬುವುದಕ್ಕೆ ಇಷ್ಟು, ಕ್ಯಾಪ್‌ಗೆ ಇಷ್ಟು ಎಂದು ಮೊದಲ ದಿನವೇ ಬರೆದಿದ್ದರೆ, ಕೆಲಸ ಬಾಕಿ ಇದೆ ಎಂಬುದು ಆ ಚೀಟಿಯಿಂದಲೇ ತಿಳಿಯುತ್ತಿತ್ತು.

ಸಂದೇಶವನ್ನು ಬದಲಿಸಿದ ಬಗೆ

ಎಸ್‌ಎಂಎಸ್‌ಗೆ ಕನ್ನಡ ಹಾಕಬಹುದಲ್ಲ ಎಂಬುದು ಮೊದಲ ಯೋಚನೆ. ಹಾಕಬಹುದು, ಆದರೆ ಲೆಕ್ಕ ಬೇರೆ. ಇಂಗ್ಲಿಷ್ ಅಕ್ಷರದಲ್ಲಿ ಒಂದು ಎಸ್‌ಎಂಎಸ್‌ಗೆ 160 ಜಾಗ. ಕನ್ನಡ ಲಿಪಿಗೆ ಯೂನಿಕೋಡ್ ಬೇಕಾದ್ದರಿಂದ 70 ಮಾತ್ರ. ಅದರಲ್ಲೂ ಗುಣಿತಾಕ್ಷರ, ಒತ್ತಕ್ಷರಗಳ ಚಿಹ್ನೆಗಳೆಲ್ಲ ಬೇರೆ ಬೇರೆಯಾಗಿ ಎಣಿಕೆಗೆ ಬರುತ್ತವೆ. "ನಾಳೆ" ಎಂಬ ಎರಡಕ್ಷರಕ್ಕೆ ನಾಲ್ಕು ಜಾಗ. 70 ದಾಟಿದರೆ ಸಂದೇಶ 67ರ ತುಂಡುಗಳಾಗಿ ಒಡೆದು ಪ್ರತಿ ತುಂಡಿಗೂ ಹಣ. ಜೊತೆಗೆ ಸಂಸ್ಥೆಗಳು ಕಳಿಸುವ ಎಸ್‌ಎಂಎಸ್‌ನ ಮಾದರಿ ವಾಕ್ಯವನ್ನು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್‌ನ 2018ರ ನಿಯಮದಂತೆ ಮೊದಲೇ ನೋಂದಾಯಿಸಿರಬೇಕು. ಒಂದು ಪದ ತಿದ್ದಿದರೂ ಮತ್ತೆ ಅನುಮತಿ. ಹಳೆಯ ಗುಂಡಿ ಫೋನ್‌ಗಳಲ್ಲಿ ಕನ್ನಡ ಬರಿಯ ಚೌಕಗಳಾಗಿ ಕಾಣುವುದೂ ಉಂಟು.

ಯಂತ್ರ ಅನುವಾದವೂ ಇಲ್ಲಿ ಕೈಕೊಡುತ್ತದೆ. ಜನ ಹೇಳುವುದು ಕ್ಯಾಪ್. ಅನುವಾದದಲ್ಲಿ ಅದು ಕಿರೀಟವಾಗುತ್ತದೆ, ಬ್ರಿಜ್ ಸೇತುವೆಯಾಗುತ್ತದೆ. ಓದಿದವನಿಗೆ ಇದು ತನ್ನ ಹಲ್ಲಿನ ಮಾತು ಎಂದೇ ಅನಿಸುವುದಿಲ್ಲ.

ಕೊನೆಗೆ ಉಳಿದದ್ದು ಧ್ವನಿ ಸಂದೇಶ. ವಾಟ್ಸ್ಯಾಪ್‌ನಲ್ಲಿ, ಇಪ್ಪತ್ತೈದು ಸೆಕೆಂಡಿನೊಳಗೆ, ರೋಗಿಗೆ ಪರಿಚಯವಿರುವ ದನಿಯಲ್ಲಿ. ಮನೆಮಾತು ಯಾವುದೋ ಆ ಮಾತಿನಲ್ಲಿ: ಹವ್ಯಕರಿಗೆ ಹವ್ಯಕ, ತುಳುವರಿಗೆ "ಬೇನೆ ಉಂಡಾ?", ಮಲಯಾಳಿಗರಿಗೆ ಮಲಯಾಳ. ಏಳು ಭಾಷೆಯ ನೆಲ ಎಂದು ಕಾಸರಗೋಡನ್ನು ಹೊಗಳುವುದು ಸುಲಭ. ಕ್ಲಿನಿಕ್‌ನಲ್ಲಿ ಅದರ ಅರ್ಥವೆಂದರೆ ರೋಗಿಯ ಚೀಟಿಯಲ್ಲಿ ವಯಸ್ಸಿನ ಪಕ್ಕ "ಮಾತು" ಎಂಬ ಒಂದು ಕಲಂ. ಸಂದೇಶದಲ್ಲಿ ಐದು ಸಂಗತಿ: ಮಾತಾಡುತ್ತಿರುವುದು ಯಾರು, ಯಾವ ಹಲ್ಲು, ಎಷ್ಟು ಕೆಲಸ ಆಗಿದೆ, ಏನು ಬಾಕಿ, ಮತ್ತೆ ಒಂದು ಪ್ರಶ್ನೆ. ಪ್ರಶ್ನೆ ಇಲ್ಲದ ಸಂದೇಶ ನೋಟೀಸಿನಂತೆ. ಪ್ರಶ್ನೆ ಇದ್ದರೆ ಉತ್ತರ ಬರುತ್ತದೆ, ಉತ್ತರಕ್ಕೆ ಮರುಮಾತು ಹೋಗಬೇಕು. ಅದಕ್ಕೆ ಕ್ಲಿನಿಕ್ ಎರಡು ಹೊತ್ತು ಗೊತ್ತುಮಾಡಿತು: ಮಧ್ಯಾಹ್ನ ಒಂದರಿಂದ ಎರಡು, ಸಂಜೆ ಏಳಕ್ಕೆ. ಗುಡ್ಡದ ಮನೆಗಳಲ್ಲಿ ನೆಟ್‌ವರ್ಕ್ ಸಿಗುವುದು ಜಗಲಿಯ ಒಂದು ಮೂಲೆಯಲ್ಲಿ, ಮಳೆಗಾಲದಲ್ಲಿ ಅದೂ ಇಲ್ಲ. ಸಂದೇಶಕ್ಕೆ ಎರಡು ದಿನ ಉತ್ತರ ಇಲ್ಲದಿದ್ದರೆ ಫೋನ್ ಮಾಡುವುದು, ರೋಗಿಗೆ ಮನಸ್ಸಿಲ್ಲ ಎಂದು ತೀರ್ಮಾನಿಸದಿರುವುದು, ಇಷ್ಟು ನಿಯಮ.

ಕಾಯಬಾರದ ಲಕ್ಷಣಗಳನ್ನು ಮೊದಲ ಸಂದೇಶದಲ್ಲೇ ಹೇಳಿಬಿಡಬೇಕು. ಊತ ದವಡೆಯ ಕೆಳಗೆ ಕುತ್ತಿಗೆಗೆ ಇಳಿದರೆ, ಕಣ್ಣಿನ ಕಡೆಗೆ ಏರಿದರೆ, ನುಂಗಲು ಅಥವಾ ಉಸಿರಾಡಲು ಕಷ್ಟವಾದರೆ, ಬಾಯಿ ತೆರೆಯಲಾಗದೆ ಜ್ವರ ಬಂದರೆ ಫೋಟೋ ಕಳಿಸಿ ಕೂರಬಾರದು, ನೇರ ಆಸ್ಪತ್ರೆಗೆ.

ಇವೆಲ್ಲಕ್ಕಿಂತ ಹೆಚ್ಚು ಕೆಲಸಕ್ಕೆ ಬಂದದ್ದು ಸಾಫ್ಟ್‌ವೇರ್‌ನ ಒಂದು ಸಾಮಾನ್ಯ ಪಟ್ಟಿ. ರೂಟ್ ಕೆನಾಲ್ ಶುರುವಾಗಿ ಕ್ಯಾಪ್ ಆಗದ ಹಲ್ಲುಗಳೆಲ್ಲ, ತಾರೀಕಿನೊಡನೆ. ಪ್ರತಿ ಶನಿವಾರ ಸಂಜೆ ವೈದ್ಯೆ ಅದನ್ನು ತೆರೆದು ಓದುತ್ತಾರೆ. ಎರಡು ವಾರ ದಾಟಿದ ಹಲ್ಲು ಇದ್ದರೆ ಧ್ವನಿ ಸಂದೇಶ, ನಾಲ್ಕು ವಾರ ದಾಟಿದರೆ ವೈದ್ಯೆಯೇ ಫೋನ್. ದುಬಾರಿ ಸ್ಕ್ಯಾನರ್ ಕೊಳ್ಳುವ ಮೊದಲು ಪ್ರತಿ ಕ್ಲಿನಿಕ್ ಈ ಪಟ್ಟಿ ಮಾಡಲಿ ಎಂಬುದು ಈ ಬರಹದ ಗಟ್ಟಿ ಅಭಿಪ್ರಾಯ.

ಕೆನ್ನೆಯ ಒಳಗಿನ ಬಿಳಿ ಮಚ್ಚೆ

ಹಲ್ಲು ಕೀಳುವ ಮೊದಲು ಕ್ಯಾಮೆರಾವನ್ನು ಇಡೀ ಬಾಯಿಗೆ ಒಂದು ಸುತ್ತು ಹಾಕಿದಾಗ ಎಡಗೆನ್ನೆಯ ಒಳಗೆ, ವೀಳ್ಯ ಇಟ್ಟುಕೊಳ್ಳುವ ಜಾಗದಲ್ಲೇ, ಒರೆಸಿದರೆ ಹೋಗದ ಬಿಳಿ ಮಚ್ಚೆ ಕಂಡಿತು. ಪ್ರೋಬ್ ಇಟ್ಟು ಅಳೆದರೆ 12 ಮಿ.ಮೀ. ಉದ್ದ, 8 ಅಗಲ. ಬಾಯಿ ತೆರೆಯುವ ಅಳತೆ, ಮೇಲೆ ಕೆಳಗಿನ ಮುಂಹಲ್ಲುಗಳ ನಡುವೆ, 34 ಮಿ.ಮೀ. ಸಾಮಾನ್ಯವಾಗಿ ದೊಡ್ಡವರಲ್ಲಿ ಇದು 40ರ ಆಸುಪಾಸು, ತಮ್ಮದೇ ಮೂರು ಬೆರಳು ನೆಟ್ಟಗೆ ಹಿಡಿಸಬೇಕು.

ಅಡಿಕೆಯ ನಾಡಿನಲ್ಲಿ ಈ ಮಾತು ಆಡುವುದು ಕಷ್ಟ. ತಾನು ಬೆಳೆಯುವ ಬೆಳೆ, ಮಕ್ಕಳನ್ನು ಓದಿಸಿದ ಬೆಳೆ, ಮದುವೆಗೂ ಪೂಜೆಗೂ ಬೇಕಾದದ್ದು. ಹೊಗೆಸೊಪ್ಪಿಲ್ಲದ ಅಡಿಕೆಯನ್ನೂ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ ಎಂದು ಒಮ್ಮೆಲೇ ಹೇಳಿದರೆ ರೋಗಿ ಎದ್ದುಹೋಗುತ್ತಾನೆ. ಇಲ್ಲಿ ಚಿತ್ರ ನೆರವಿಗೆ ಬಂತು. ಬಲಗೆನ್ನೆ ಮತ್ತು ಎಡಗೆನ್ನೆಯನ್ನು ಅಕ್ಕಪಕ್ಕ ತೋರಿಸಿ ವೈದ್ಯೆ ಕೇಳಿದ್ದು ಇಷ್ಟೇ: ವೀಳ್ಯ ಯಾವ ಬದಿಗೆ ಇಟ್ಟುಕೊಳ್ಳುತ್ತೀರಿ? ಉತ್ತರವನ್ನು ಅವರೇ ಹೇಳಿದರು.

ಎರಡು ವಾರ ಹೊಗೆಸೊಪ್ಪು, ಅಡಿಕೆ ಎರಡೂ ಬಿಡಬೇಕು, ಆ ಬದಿಯ ಚೂಪು ಹಲ್ಲನ್ನು ಉಜ್ಜಿ ನಯಮಾಡಬೇಕು, ಹದಿನಾಲ್ಕನೇ ದಿನ ಮತ್ತೆ ಚಿತ್ರ. ಹೋಲಿಕೆಗೆ ನಿಲ್ಲುವ ಚಿತ್ರ ತೆಗೆಯಲು ಶಿಸ್ತು ಬೇಕು. ಕನ್ನಡಿಯನ್ನು ಬಿಸಿನೀರಿನಲ್ಲಿ ಅದ್ದಿ ಒರೆಸಿದರೆ ಉಸಿರಿನ ಹಬೆ ಕೂರುವುದಿಲ್ಲ. ಕೆನ್ನೆ ಹಿಗ್ಗಿಸುವ ಬಲ ಪ್ರತಿ ಸಲ ಒಂದೇ ಇರಬೇಕು, ಹೆಚ್ಚು ಎಳೆದರೆ ಮಚ್ಚೆ ದೊಡ್ಡದಾಗಿ ಕಾಣುತ್ತದೆ. ಕುರ್ಚಿಯ ಹಳದಿ ದೀಪ ಆರಿಸಿ ಕ್ಯಾಮೆರಾದ ಬೆಳಕಿನಲ್ಲೇ ತೆಗೆಯಬೇಕು, ಇಲ್ಲದಿದ್ದರೆ ಬಣ್ಣ ಮೋಸ ಮಾಡುತ್ತದೆ. ಅಳತೆಗೆ ಪ್ರೋಬ್ ಚಿತ್ರದೊಳಗೇ ಇರಬೇಕು.

ಹದಿನಾಲ್ಕನೇ ದಿನ ಮಚ್ಚೆ ಬದಲಾಗಿರಲಿಲ್ಲ. ಬಾಯಿಯ ಶಸ್ತ್ರಚಿಕಿತ್ಸಕರ ಬಳಿ ಕಳಿಸಿ ಬಯಾಪ್ಸಿ ಮಾಡಿಸಿದರು. ಬಂದ ವರದಿ: ಸೌಮ್ಯ ಡಿಸ್‌ಪ್ಲೇಸಿಯಾ. ಕ್ಯಾನ್ಸರ್ ಅಲ್ಲ, ಆದರೆ ಕಣ್ಣಿಟ್ಟಿರಬೇಕಾದ ಬದಲಾವಣೆ. ಚಿತ್ರ ನೋಡಿ ರೋಗ ಹೇಳಲಾಗದು ಎಂಬುದನ್ನು ಇಲ್ಲಿ ಒತ್ತಿ ಹೇಳಬೇಕು. ಫೋಟೋದಲ್ಲಿ ಇದಕ್ಕಿಂತ ಸೌಮ್ಯವಾಗಿ ಕಾಣುವ ಮಚ್ಚೆಯ ವರದಿ ಇದಕ್ಕಿಂತ ಕೆಟ್ಟದಾಗಿ ಬರುವುದುಂಟು. ಫೋಟೋದ ಕೆಲಸ ರೋಗಿಯನ್ನು ಬಯಾಪ್ಸಿಯ ತನಕ ಕರೆದೊಯ್ಯುವುದು, ಆಮೇಲೆ ಮೂರು ತಿಂಗಳಿಗೊಮ್ಮೆ ಹಿಂದಿನದರ ಜೊತೆ ಹೋಲಿಸುವುದು.

ಮನೆಯಿಂದ ಕಳಿಸುವ ಫೋಟೋ ಇದಕ್ಕೆ ಸಾಲದು. ಅದನ್ನು ಹಲ್ಲು ಕಿತ್ತ ಗಾಯಕ್ಕೆ ಮಾತ್ರ ಬಳಸಿದರು. ಸೊಸೆಗೆ ಹೇಳಿಕೊಟ್ಟದ್ದು: ಹಗಲು ಬೆಳಕಿನ ಕಡೆ ಮುಖ, ತೊಳೆದ ಸ್ಟೀಲ್ ಚಮಚದ ಹಿಡಿಯಿಂದ ಕೆನ್ನೆ ಪಕ್ಕಕ್ಕೆ, ಹಿಂದಿನ ಕ್ಯಾಮೆರಾ, ಒಂದು ಗೇಣು ದೂರ, ಫ್ಲ್ಯಾಶ್ ಹಾಕಿ ಮೂರು ಫೋಟೋ. ಕಡುಗೆಂಪು ಹೆಪ್ಪು ಕಂಡರೆ ಸರಿ. ಮೂರನೇ ದಿನ ಬೇನೆ ಏರುತ್ತ ಹೋಗಿ, ಗುಂಡಿ ಖಾಲಿ ಬೂದುಬಣ್ಣವಾಗಿ ಕಂಡರೆ ಡ್ರೈ ಸಾಕೆಟ್, ಅಂದರೆ ಹೆಪ್ಪು ಹೋಗಿ ಎಲುಬು ತೆರೆದುಕೊಂಡ ಗಾಯ, ಅದೇ ದಿನ ಬರಬೇಕು. ಇವರಿಗೆ ಹಾಗಾಗಲಿಲ್ಲ.

ಫೋನ್ ಯಾರದು?

ಎಡವಿದ್ದು ಇಲ್ಲಿ. ಕ್ಲಿನಿಕ್‌ಗೆ ಕೊಟ್ಟಿದ್ದ ನಂಬರ್ ಸೊಸೆಯದು. ಬಯಾಪ್ಸಿ ಆದ ಮೇಲೆ "ಮಚ್ಚೆಯ ವರದಿ ಬಂದಿದೆ, ಹೊಗೆಸೊಪ್ಪು ಬಿಟ್ಟಿದ್ದೀರಾ?" ಎಂಬ ಧ್ವನಿ ಸಂದೇಶ ಅವರ ಫೋನಿಗೆ ಹೋಗಿ, ಮಾವನಿಗೆ ತಿಳಿಯುವ ಮೊದಲೇ ಮನೆಗೆಲ್ಲ ತಿಳಿಯಿತು. ರೋಗಿಗೆ ನೋವಾಯಿತು, ಎರಡು ವಾರ ಕ್ಲಿನಿಕ್‌ನ ಫೋನ್ ಎತ್ತಲಿಲ್ಲ. ಗಳಿಸಿದ ನಂಬಿಕೆ ಒಂದು ಸಂದೇಶಕ್ಕೆ ಅರ್ಧ ಕರಗಿತು. ವೈದ್ಯೆ ನೇರ ಮಾತಾಡಿ ಕ್ಷಮೆ ಕೇಳಿದ ಮೇಲೆಯೇ ಸರಿಹೋದದ್ದು.

ಆಮೇಲೆ ಮಾಡಿದ ಬದಲಾವಣೆ: ಪ್ರತಿ ನಂಬರಿನ ಪಕ್ಕ ಅದು ಯಾರದು ಎಂದು ಬರೆಯುವುದು, ಯಾವ ಸಂಗತಿ ಯಾರಿಗೆ ಹೇಳಬಹುದು ಎಂದು ರೋಗಿಯನ್ನೇ ಕೇಳುವುದು, ಸಂದೇಶದಲ್ಲಿ ರೋಗದ ಹೆಸರಾಗಲಿ ಚಟದ ಹೆಸರಾಗಲಿ ಬಾರದಿರುವುದು. "ಒಂದು ಸಲ ಬಂದು ಹೋಗಿ, ಡಾಕ್ಟ್ರು ಮಾತಾಡಬೇಕಂತೆ" ಎಂದರೆ ಸಾಕು.

ಇನ್ನೊಂದು ಸೋರಿಕೆ ಕ್ಲಿನಿಕ್‌ನ ಒಳಗೇ ಇತ್ತು. ಸಹಾಯಕಿಯ ಸ್ವಂತ ಫೋನಿನಲ್ಲಿ ವಾಟ್ಸ್ಯಾಪ್. ಬಂದ ಫೋಟೋಗಳೆಲ್ಲ ಗ್ಯಾಲರಿಗೆ, ಅಲ್ಲಿಂದ ತಾನಾಗಿ ಕ್ಲೌಡ್‌ಗೆ. ರೋಗಿಗಳ ಬಾಯಿಯ ಚಿತ್ರ ಆಕೆಯ ಮನೆಯ ಟಿವಿಯಲ್ಲೂ ಕಾಣುವಂತಿತ್ತು. ಕ್ಲಿನಿಕ್‌ಗೆ ಬೇರೆ ಫೋನ್, ಬೇರೆ ನಂಬರ್, ಗ್ಯಾಲರಿಗೆ ಫೋಟೋ ಉಳಿಯುವ ಆಯ್ಕೆ ಬಂದ್, ಪ್ರತಿ ಸಂಜೆ ಚಿತ್ರಗಳನ್ನು ರೋಗಿಯ ಕಡತಕ್ಕೆ ಹಾಕಿ ಫೋನಿಂದ ಅಳಿಸುವುದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ ಒಪ್ಪಿಗೆ ಕೇಳುವ ಪತ್ರವನ್ನು ಇಂಗ್ಲಿಷ್‌ನಲ್ಲಾಗಲಿ ಸಂವಿಧಾನದ ಎಂಟನೇ ಅನುಸೂಚಿಯ ಯಾವುದೇ ಭಾಷೆಯಲ್ಲಾಗಲಿ ಓದುವ ಆಯ್ಕೆ ಜನರಿಗಿರಬೇಕು, ಕೊಟ್ಟಷ್ಟೇ ಸುಲಭವಾಗಿ ಒಪ್ಪಿಗೆ ಹಿಂದಕ್ಕೆ ಪಡೆಯುವಂತಿರಬೇಕು. ಕನ್ನಡ, ಮಲಯಾಳ, ಕೊಂಕಣಿ ಆ ಪಟ್ಟಿಯಲ್ಲಿವೆ. ತುಳು ಇಲ್ಲ. ಹಾಗಾಗಿ ಪತ್ರ ಕನ್ನಡದಲ್ಲಿಟ್ಟು, ತುಳುವಿನಲ್ಲಿ ಓದಿಹೇಳಿ, ಓದಿಹೇಳಿದವರ ಸಹಿಯನ್ನೂ ಹಾಕಿಸುವ ಪದ್ಧತಿ ಬಂತು.

ರೋಗಿಯ ಕೈಗೊಂದು ಪ್ರತಿ

ಈ ಭಾಗದ ಜನ ದೊಡ್ಡ ಚಿಕಿತ್ಸೆಗೆ ಮಂಗಳೂರಿಗೆ ಹೋಗುವವರು. ಕೊರೋನಾ ಕಾಲದಲ್ಲಿ, 2020ರ ಮಾರ್ಚ್‌ನಲ್ಲಿ, ಕೇರಳ ಕರ್ನಾಟಕದ ನಡುವಿನ ತಲಪಾಡಿಯ ಗಡಿ ಮುಚ್ಚಿದಾಗ ಆ ದಾರಿ ಎಷ್ಟು ಸುಲಭವಾಗಿ ಕಡಿಯಬಹುದು ಎಂದು ಎಲ್ಲರೂ ನೋಡಿದರು. ದಾಖಲೆ ಗಡಿಯಾಚೆಯ ಕಂಪ್ಯೂಟರಿನಲ್ಲಿದ್ದರೆ ಈಚೆಯ ವೈದ್ಯರು ಮೊದಲಿಂದ ಶುರು ಮಾಡಬೇಕು. ಹಾಗಾಗಿ ಪ್ರತಿ ಎಕ್ಸ್‌ರೇಯ ಪ್ರತಿಯೂ ಅದೇ ದಿನ ರೋಗಿಗೆ. ವಾಟ್ಸ್ಯಾಪ್‌ನಲ್ಲಿ ಫೋಟೋ ಆಗಿ ಕಳಿಸಿದರೆ ಅದು ಚಿತ್ರವನ್ನು ಕುಗ್ಗಿಸುತ್ತದೆ, ಬೇರಿನ ತುದಿಯ ಸೂಕ್ಷ್ಮ ನೆರಳು ಮಾಯವಾಗುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಬೇಕು. ಕಡತದ ಹೆಸರಿನಲ್ಲಿ ಹಲ್ಲಿನ ಸಂಖ್ಯೆ ಮತ್ತು ತಾರೀಕು ಇರಲಿ, ರೋಗಿಯ ಹೆಸರು ಬೇಡ. ಆಯುಷ್ಮಾನ್ ಭಾರತ್‌ನ 14 ಅಂಕಿಯ ಆಭಾ ಸಂಖ್ಯೆ (ಆರೋಗ್ಯ ದಾಖಲೆ ಜೋಡಿಸುವ ಗುರುತು) ಇದ್ದವರಿಗೆ ಅದನ್ನೂ ಕೇಳಿ ಬರೆದಿಟ್ಟುಕೊಳ್ಳಬಹುದು.

ಎಕ್ಸ್‌ರೇ ಎಂದರೆ ಹೆದರುವವರೂ ಇದ್ದಾರೆ. ಡಿಜಿಟಲ್ ಸೆನ್ಸರ್‌ಗೆ ಹಳೆಯ ಫಿಲ್ಮ್‌ಗಿಂತ ಕಡಿಮೆ ಕಿರಣ ಸಾಕು ಎಂದು ಹೇಳುವುದರ ಜೊತೆ, ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯಲ್ಲಿ ಯಂತ್ರ ನೋಂದಾಯಿಸಿದ ಪತ್ರವನ್ನು ಕಾಯುವ ಕೋಣೆಯ ಗೋಡೆಗೆ ಹಾಕಿದರೆ ಒಳ್ಳೆಯದು. ಏಪ್ರಿಲ್, ಅಕ್ಟೋಬರಿನ ಸಂಜೆಯ ಸಿಡಿಲಿಗೆ ಸೆನ್ಸರ್, ಕಂಪ್ಯೂಟರ್ ಎರಡರ ಪ್ಲಗ್ಗೂ ಕೀಳಬೇಕು, ದಿನದ ಚಿತ್ರಗಳು ಬೇರೊಂದು ಹಾರ್ಡ್ ಡಿಸ್ಕ್‌ಗೆ ಹೋಗಬೇಕು. ಒಂದು ಸಿಡಿಲಿಗೆ ಹೋಲಿಕೆಯ ಚಿತ್ರಗಳೆಲ್ಲ ಹೋದರೆ ರೋಗಿಗೆ ತೋರಿಸಲು ಏನೂ ಉಳಿಯುವುದಿಲ್ಲ.

ಎಂಟು ತಿಂಗಳ ಬಳಿಕ

46ನೇ ಹಲ್ಲಿನ ಜಾಗ ಖಾಲಿಯೇ ಇದೆ. ಬ್ರಿಜ್, ಇಂಪ್ಲಾಂಟ್, ತೆಗೆದು ಹಾಕುವ ಹಲ್ಲು, ಮೂರರ ಒಳಿತು ಕೆಡುಕು ಕೇಳಿಕೊಂಡ ರೋಗಿ ಸದ್ಯಕ್ಕೆ ಯಾವುದೂ ಬೇಡ ಎಂದಿದ್ದಾರೆ. ಸಕ್ಕರೆಯ ಮೂರು ತಿಂಗಳ ಸರಾಸರಿ, ಎಚ್‌ಬಿಎ1ಸಿ, 8.6ರಿಂದ 7.4ಕ್ಕೆ ಇಳಿದಿದೆ. ಅದರಲ್ಲಿ ಅವರ ಸಕ್ಕರೆ ವೈದ್ಯರ ಪಾಲೇ ದೊಡ್ಡದು, ದಂತ ಕ್ಲಿನಿಕ್ ಮಾಡಿದ್ದು ವಸಡಿನ ಅಳತೆಯ ಪಟ್ಟಿಯನ್ನು ರೋಗಿಯ ಒಪ್ಪಿಗೆ ಪಡೆದು ಅವರಿಗೆ ಕಳಿಸಿದ್ದು. ಹೊಗೆಸೊಪ್ಪು ಬಿಟ್ಟಿದ್ದಾರೆ. ಅಡಿಕೆ ಪೂರ್ತಿ ಬಿಟ್ಟಿಲ್ಲ, ಊಟದ ಮೇಲೆ ಒಂದು ಹೋಳು ಎಂದು ಅವರೇ ಒಪ್ಪಿಕೊಂಡಿದ್ದಾರೆ. ಮಚ್ಚೆ ಎರಡು ತಪಾಸಣೆಗಳಲ್ಲೂ ಬೆಳೆದಿಲ್ಲ, ಕುಗ್ಗಿಯೂ ಇಲ್ಲ.

ಮೂರನೇ ತಪಾಸಣೆ ಜೂನ್ ಕೊನೆಗೆ ಬರುವುದಿತ್ತು. ಮೇ ಇಪ್ಪತ್ತರ ಸಂಜೆ ಅವರ ಹೊಸ ಫೋನಿಂದ ಒಂಬತ್ತು ಸೆಕೆಂಡಿನ ಧ್ವನಿ ಬಂತು: "ಡಾಕ್ಟ್ರೆ, ತೋಟಕ್ಕೆ ಮದ್ದು ಬಿಡ್ಲೆ ಸುರು ಮಾಡುವ ಮದಲು ಬತ್ತೆ. ಆ ಫೋಟೋ ತೆಗದು ಮಡುಗುವೊ°." ಪಟ್ಟಿಯಲ್ಲಿ ತಾರೀಕನ್ನು ಹಿಂದಕ್ಕೆ ತಂದು, ಪಕ್ಕದಲ್ಲಿ "ರೋಗಿಯೇ ಕೇಳಿದ್ದು" ಎಂದು ಬರೆದಿದ್ದಾರೆ.